ಅರ್ಧ ಮೀಸೆ

ನೆಲಮಾಳಿಗೆಯ ಸೋಫಾದಲ್ಲಿ ಅಂಗಾತ ಬಿದ್ದಿದ್ದ ಕೋಲ್ಬಿಯ ಮೂಗಿನ ಕೆಳಗೆ ಬ್ರೆನನ್ ಮಾರ್ಕರಿನಿಂದ ಮೀಸೆ ಬರೆಯತೊಡಗಿದ. ಒಂದು ಗಂಟೆಯ ಆಟ; ನಿಮಿಷಕ್ಕೊಮ್ಮೆ ಫೋನಿನ ಅಲಾರಂ ಕೂಗಿದಾಗ ಎಲ್ಲರೂ ಒಂದು ಗುಟುಕು ಬಿಯರ್ ಇಳಿಸಬೇಕು. ಗಂಟೆ ತುಂಬುವ ಮೊದಲೇ ಮಲಗಿದವನನ್ನು ಎಬ್ಬಿಸುವಂತಿಲ್ಲ, ಅವನಿಗೆ ಮೀಸೆ. ಆಟದ ನಿಯಮವೆಲ್ಲ ಬ್ರೆನನ್‌ನದೇ.

"ತುದೀನ ಚೆನ್ನಾಗಿ ತಿರುವೋ, ಥೇಟ್ ಅವರಪ್ಪನ ಥರ ಕಾಣ್ಲಿ!" ಎಂದು ವೇಡ್ ಕೂಗಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಎಡಮೀಸೆ ಮುಗಿಸಿ ಬಲಕ್ಕೆ ಬಾಗಿದ ಬ್ರೆನನ್‌ನ ಕೈ ಅಲ್ಲೇ ನಿಂತಿತು. ಇಷ್ಟು ಹೊತ್ತು ಆ ಮೂಗಿನ ಕೆಳಗೇ ಇದ್ದ ಬೆರಳಿಗೆ ಒಮ್ಮೆಯೂ ಉಸಿರು ತಾಗಿರಲಿಲ್ಲ. ಅವನು ಮಾರ್ಕರ್ ಎಸೆದು ಕೋಲ್ಬಿಯ ಭುಜ ಹಿಡಿದು ಅಲ್ಲಾಡಿಸಿದ.

"ಲೋ ಕೋಲ್ಬಿ! ಏಳೋ! ಏಳೋ!"

"ಏಯ್, ಮೋಸ!" ಎಂದ ವೇಡ್. "ಎಬ್ಬಿಸಂಗಿಲ್ಲ ಅಂತ ರೂಲ್ಸ್ ಮಾಡಿದ್ದು ನೀನೇ ಅಲ್ವೇನೋ?"

ಫೋನ್ ಕೂಗಿತು. ಬ್ರೆನನ್‌ನ ಬೆನ್ನ ಹಿಂದೆ ಎಲ್ಲರೂ ಒಟ್ಟಿಗೆ ಲೋಟ ಎತ್ತಿದರು.