ಕಿಟಕಿಯಿಲ್ಲದ ಮನೆ

“ಬಾಯಿ ಮುಚ್ಚಪಾ. ಇನ್ನೊಮ್ಮೆ ಉಬ್ಬಿದ್ರ ಬಾಗಿಲಾನೂ ಮುಚ್ಚತೈತಿ,” ಎಂದು ಅಪ್ಪನಿಗೆ ಹೇಳಿ ಸಾವಂತ್ರಿ ಸೈಕಲ್ ಪಂದ್ಯದಲ್ಲಿ ಗೆದ್ದ ಕಪ್ಪನ್ನು ಬೆನ್ನ ಹಿಂದೆ ಬಚ್ಚಿಟ್ಟಳು.

ಮನೆಯವರ ಬಗ್ಗೆ ಹೆಮ್ಮೆಪಟ್ಟಷ್ಟೂ ಮನೆಯ ಗೋಡೆ ಬೆಳೆದು ಸಂದು ಮುಚ್ಚುವುದು ಆ ಊರಲ್ಲಿ ಎಂದಿನ ಸಂಗತಿ. ಮಗ ಕುಸ್ತಿ ಗೆದ್ದಾಗ ಅಪ್ಪ ಫಕ್ಕೀರಪ್ಪನ ಪಡಸಾಲೆಯ ಕಿಟಕಿ ಮುಚ್ಚಿತ್ತು. ಹೆಂಡತಿ ಓದು ಕಲಿತಾಗ ಅಡುಗೆಮನೆಯ ಬೆಳಕಿಂಡಿ. ಬಾಗಿಲಲ್ಲಿ ಈಗ ಮೈ ಓರೆ ಮಾಡಿ ನುಸುಳಬೇಕು.

“ನಾ ಏನಾರ ಅಂದ್ನೇನ?” ಎಂದ ಫಕ್ಕೀರಪ್ಪ.

“ಕಣ್ಣಾಗ ಕಾಣಾಕತ್ತೈತಿ.”

ಅವನು ಹಲ್ಲು ಕಚ್ಚಿ ಮಗಳ ಕುಂದು ಹುಡುಕಿದ. ರೊಟ್ಟಿ ಸುಡುತ್ತಾಳೆ. ಮೂಗಿನ ತುದಿಯಲ್ಲೇ ಸಿಟ್ಟು. ಆ ಸಿಟ್ಟು ಥೇಟ್ ತನ್ನದೇ ಎನಿಸಿದ್ದೇ ತಡ, ಗೋಡೆ ಕರಕರ ಎಂದಿತು.

“ಇಲ್ಲಿದ್ರ ನಿಮ್ಮನ್ನ ನಾನ ಜೀವಂತ ಹುಗೀತೀನಿ,” ಎಂದವಳೇ ಸಾವಂತ್ರಿ ಹೊರಗೆ ನುಸುಳಿದಳು.

ಎಂಥ ಧೈರ್ಯ ಹುಡುಗಿಗೆ ಎಂದು ಅಪ್ಪನ ಎದೆ ಉಬ್ಬಿತು. ಬಾಗಿಲಿದ್ದಲ್ಲಿ ಗೋಡೆ ಕೂಡಿಕೊಂಡಿತು. ಒಳಗೆ ಹೆಂಡತಿ ದೀಪ ಹಚ್ಚಿದಳು. ಸಾವಂತ್ರಿ ತಿರುಗಿ ಬರಲಿಲ್ಲ.