ಐದು ಗಂಟೆಯ ಗಡುವು

ಗ್ರಂಥಾಲಯದ ವೆಬ್‌ಸೈಟಿನ ‘ನವೀಕರಿಸಿ’ ಗುಂಡಿ ಕೈಕೊಟ್ಟು, ಅದನ್ನು ನೋಡಿಕೊಳ್ಳುವ ನಸೀಮಾಳ ತಲೆ ಕೆಟ್ಟುಹೋಗಿತ್ತು. ಅಲ್ಲಿಂದ ಪುಸ್ತಕದಂತೆ ಹದಿನೈದು ದಿನಕ್ಕೆಂದು ಎರವಲು ಒಯ್ದ ಭಾಷೆಯನ್ನು ನವೀಕರಿಸದಿದ್ದರೆ, ಗಡುವಿನ ದಿನ ಐದು ಗಂಟೆಗೆ ಅದು ತಲೆಯಿಂದ ತಾನಾಗಿಯೇ ವಾಪಸ್ ಹೋಗುತ್ತಿತ್ತು.

“ಇವತ್ತ ನನ್ನ ಬಂಗಾಳಿ ಹೋಗ್ತೈತಿ. ನಾಳೆ ಸೊಸಿ ಜೋಡಿ ಹೆಂಗ ಮಾತಾಡ್ಲವ್ವಾ?” ಎನ್ನುತ್ತಾ ಗಿರಿಜವ್ವ ಬೆಳಿಗ್ಗೆಯಿಂದ ಎದುರಿಗೇ ಕೂತಿದ್ದಳು.

ವೆಬ್‌ಸೈಟಿನದು ಮುಕ್ತ ತಂತ್ರಾಂಶ, ಬೈಯೋಣವೆಂದರೆ ಕಂಪನಿಯೂ ಇಲ್ಲ. ಅದನ್ನು ಬರೆದು ಪುಕ್ಕಟೆ ಹಂಚಿದ ಜರ್ಮನಿಯ ಮುದುಕನಿಗೆ ನಸೀಮಾ ಅವನದೇ ಭಾಷೆಯಲ್ಲಿ ಮೂರು ಸಲ ಬರೆದಿದ್ದಳು. ಕೊನೆಗೂ ಉತ್ತರ ಬಂತು, ಐದು ದಾಟಿ ಎರಡು ನಿಮಿಷಕ್ಕೆ.

ಓದಿದಳು. ಒಂದಕ್ಷರವೂ ತಿಳಿಯಲಿಲ್ಲ.

“ಏನಂತ ಬರದಾನ?” ಕೇಳಿದಳು ಗಿರಿಜವ್ವ.

ನಸೀಮಾ ಕೀಬೋರ್ಡ್ ದೂರ ತಳ್ಳಿದಳು. “ನನ್ನ ಜರ್ಮನ್ನೂ ಇದ ಲೈಬ್ರರೀದ ಅವ್ವಾ. ಐದಕ್ಕ ಹೋತು.”