ಭಂಡಾರ ಮುಟ್ಟದವನು

ನಟ್ಟಿನ ಮೇಲೆ ಎಳೆದಿದ್ದ ಹಳದಿ ಗೆರೆ ತುಂಡಾಗಿತ್ತು.

"ಯಪ್ಪಾ, ಇಲ್ಲಿ ನೋಡ," ಎಂದು ಮಗಳು ಭಾಗ್ಯಾ ಕಾರಿನ ಮೂತಿಯೊಳಗೆ ಬ್ಯಾಟರಿ ಬೆಳಕು ಬಿಟ್ಟು ಕರೆದಳು. ಲಗಮಣ್ಣ ಬಗ್ಗಿ ನೋಡಿದ. ಹೊಸ ಆಯಿಲ್ ಕೂಲರಿಗೆ ಪೈಪು ಸೇರುವ ಜಾಗ. ನಿನ್ನೆಯಷ್ಟೇ ತಾನೇ ಬಿಗಿದು, ನಟ್ಟಿಗೂ ಕೂಲರಿನ ಕೊರಳಿಗೂ ಸೇರಿಸಿ ಒಂದೇ ಗೆರೆ ಬಣ್ಣ ಎಳೆದಿದ್ದ. ನಟ್ಟು ತಿರುಗಿದರೆ ಗೆರೆ ಒಡೆಯಬೇಕು. ಒಡೆದಿತ್ತು. ಬೆರಳಲ್ಲೇ ಬಿಚ್ಚುವಷ್ಟು ಸಡಿಲವಾಗಿತ್ತು.

ಹೀಗಾದದ್ದು ಇದು ಎರಡನೆಯ ಸಲ. ಹೋದ ವಾರ ಕಾರು ಹೊರಗೆ ತೆಗೆಯುವ ಹೊತ್ತಿಗೆ ನೆಲದ ಮೇಲೆ ಎಣ್ಣೆಯ ಹನಿ ಕಂಡು ತಡೆದವಳೂ ಭಾಗ್ಯಾಳೇ. ಆಗ ಲಗಮಣ್ಣ ವಯಸ್ಸಾಯಿತೆಂದು ತನ್ನ ಕೈಯನ್ನೇ ಬೈದುಕೊಂಡಿದ್ದ. ಅದಕ್ಕೇ ಈ ಸಲ ಗೆರೆ ಎಳೆದದ್ದು.

ಜಮಖಂಡಿಯಲ್ಲಿ ಕಬ್ಬಿನ ಟ್ರ್ಯಾಕ್ಟರು ರಿಪೇರಿ ಮಾಡಿ ಹೊಟ್ಟೆ ಹೊರೆಯುವ ಲಗಮಣ್ಣನಿಗೆ ಈ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು ಒಂದು ಹುಚ್ಚು. ಪುಣೆಯಲ್ಲಿ ಗುಜರಿಗೆ ಬಿದ್ದಿದ್ದನ್ನು ತಂದು, ಟರ್ಬೊ ಕೂರಿಸಿ, ಹುಲಿ ಮಾಡಿದ್ದ. ಆದರೆ ಹುಲಿಗೆ ಜ್ವರ ಜಾಸ್ತಿ. ಜೋರಾಗಿ ಓಡಿಸಿದರೆ ಎಂಜಿನ್ ಎಣ್ಣೆ ಕಾದು ನೀರಿನಂತೆ ತೆಳ್ಳಗಾಗುತ್ತಿತ್ತು. ಅದಕ್ಕೇ ದೊಡ್ಡ ಕೂಲರು ಬಂತು. ಪೈಪಿಗಾಗಿ ಸಮೀರವಾಡಿಗೆ ಹೋಗಿ, ಕಬ್ಬು ಕಡಿಯುವ ಮಷೀನಿಗೆ ಪೈಪು ಮಾಡಿಕೊಡುವವನ ಮುಂದೆ ಪಟ್ಟಾಗಿ ಕೂತು, ಉಕ್ಕಿನ ತಂತಿ ಹೆಣೆದದ್ದನ್ನೇ ಮಾಡಿಸಿಕೊಂಡು ಬಂದಿದ್ದ. ಭಾನುವಾರ ಮುಧೋಳದ ಹೊರಗಿನ ಮೈದಾನದಲ್ಲಿ ಓಟ. ಅಲ್ಲಿ ಈ ನಟ್ಟು ಕಳಚಿದ್ದರೆ ಎಣ್ಣೆಯೆಲ್ಲ ಸೋರಿ ಎಂಜಿನ್ ಜಾಮ್ ಆಗುತ್ತಿತ್ತು, ಲಗಮಣ್ಣನ ಹೆಸರು ಮಣ್ಣುಪಾಲಾಗುತ್ತಿತ್ತು.

ಅವನು ಕೂಲರಿನ ಕೊರಳನ್ನು ಬೆರಳಿಂದ ಸವರಿದ. ಒಂದು ಗೀರೂ ಇಲ್ಲ. ಅದು ಅಲ್ಯೂಮಿನಿಯಂ. ನಟ್ಟು ಬಿಗಿಯುವ ಒಂದು ಪಾನಾದಿಂದ ಕೊರಳು ಹಿಡಿದು, ಇನ್ನೊಂದರಿಂದ ನಟ್ಟು ತಿರುಗಿಸದಿದ್ದರೆ ಮುರಿದೇ ಹೋಗುತ್ತದೆ. ಬಿಚ್ಚಿದವರು ಹಾಗೆಯೇ ಬಿಚ್ಚಿದ್ದರು. ಹೊರಗಿನವರಿಗೆ ಆ ನಾಜೂಕು ಎಲ್ಲಿಂದ ಬರಬೇಕು? ಇದು ತನ್ನ ಕೈಯಲ್ಲಿ ಕಲಿತವರದೇ ಕೆಲಸ.

"ಕಾಕಾ ನಿನ್ನೆ ಮಹಾಲಿಂಗಪುರ ಬಸ್ ಸ್ಟ್ಯಾಂಡಿನ್ಯಾಗ ಮನೋಜನ ಕೂಡ ಚಾ ಕುಡ್ಯಾಕತ್ತಿದ್ದ," ಭಾಗ್ಯಾ ತಲೆ ಎತ್ತದೆ ಹೇಳಿದಳು. "ನಾ ಏನೂ ಅನ್ನೂದಿಲ್ಲ ಯಪ್ಪಾ. ಕಂಡದ್ದ ಹೇಳೇನಿ, ಅಷ್ಟ."

ಮನೋಜ ಎಂದರೆ ಮುಧೋಳದ ಎದುರಾಳಿ ಕಾರಿನ ಧಣಿ. ಕಾಕಾ ಎಂದರೆ ಪರಮೇಶ, ಲಗಮಣ್ಣನ ತಮ್ಮ, ಈ ಕಾರು ಓಡಿಸುವವನು. ಅವ್ವ ಸತ್ತಾಗ ಪರಮೇಶ ತೊಟ್ಟಿಲ ಕೂಸು. ಲಗಮಣ್ಣನೇ ಹೊತ್ತು ತಿರುಗಿ ಬೆಳೆಸಿದ್ದ, ಪಾನಾ ಹಿಡಿಸಿದ್ದ, ಸ್ಟಿಯರಿಂಗ್ ಹಿಡಿಸಿದ್ದ. ಭಾಗ್ಯಾ ಆಸೆಪಟ್ಟು ಕೇಳಿದಾಗಲೆಲ್ಲ "ಕಾಕಾ ಇರೂತನಕ ಕಾಕಾನ ಓಡಸ್ಲಿ" ಎಂದು ಹೆತ್ತ ಮಗಳನ್ನೇ ಹಿಂದೆ ಸರಿಸಿದ್ದ. ಉಂಡ ಮನೆಗೆ ಎರಡು ಬಗೆಯುವುದೆಂದರೆ ಇನ್ನೇನು? ಲಗಮಣ್ಣನಿಗೆ ಮೊದಲು ಸಿಟ್ಟು ಬಂತು, ಆಮೇಲೆ ಅಳು ಬಂತು.

ಮರುದಿನ ಬೆಳಿಗ್ಗೆ ಗ್ಯಾರೇಜಿಗೆ ಬೀರೇಶ್ವರನ ಭಂಡಾರ ತರಿಸಿದ. ದೇವರ ಮುಂದಿನ ಆ ಅರಿಶಿನ ಪುಡಿ ಮುಟ್ಟಿ ಅವರ ಮನೆತನದಲ್ಲಿ ಯಾರೂ ಸುಳ್ಳಾಡಿದ್ದಿಲ್ಲ. ಆಡಿದವರ ಮನೆ ದೀಪ ಆರುತ್ತದೆಂಬ ನಂಬಿಕೆ. ಭಾಗ್ಯಾ ತಲೆಯ ಮೇಲೆ ದುಪಟ್ಟಾ ಹೊದ್ದು ಬಟ್ಟಲು ಹಿಡಿದು ನಿಂತಳು.

"ನಟ್ಟ ನಾ ಬಿಚ್ಚಿಲ್ಲ, ಬಿಚ್ಚಿದವರ ಯಾರಂತ ನನಗ ಗೊತ್ತಿಲ್ಲ. ಇಷ್ಟ ಅನ್ರಿ," ಎಂದು ಲಗಮಣ್ಣ ಮೊದಲು ತಾನೇ ಮುಟ್ಟಿ ಹೇಳಿದ. ವೆಲ್ಡಿಂಗ್ ಮಾಡುವ ಬಂಡು ತೇರದಾಳದ ಜೈನರವನು, ಅವನ ದೇವರೇ ಬೇರೆ. ಆದರೂ ಹಿಂದೆಮುಂದೆ ನೋಡದೆ ಮುಟ್ಟಿ ಹೇಳಿದ. ಭಾಗ್ಯಾ ಬಟ್ಟಲನ್ನು ಕಾಕಾನ ಮುಂದೆ ಹಿಡಿದಳು.

ಪರಮೇಶ ಕೈ ಎತ್ತಿದ. ಇಳಿಸಿದ.

"ಮುಟ್ಟಲೇ."

"ಒಲ್ಲೆ ಅಣ್ಣಾ."

"ಹಂಗಾರ ನೀನ ಬಿಚ್ಚೀದಿ."

"ನಾ ಬಿಚ್ಚಿಲ್ಲ. ಆದರ ಭಂಡಾರ ಮುಟ್ಟೂದಿಲ್ಲ."

ಇದಕ್ಕಿಂತ ಸಾಕ್ಷಿ ಇನ್ನೇನು ಬೇಕು? "ನನ್ನ ಪಾಲಿಗೆ ನೀ ಸತ್ತಿ," ಎಂದ ಲಗಮಣ್ಣ. "ಇನ್ನ ನನ್ನ ಹೊಸ್ತಿಲಾ ತುಳೀಬ್ಯಾಡ."

ಪರಮೇಶ ಕಾರಿನ ಕೀಲಿಕೈ ಮೇಜಿನ ಮೇಲಿಟ್ಟ. ಹೋಗುವಾಗ ಭಾಗ್ಯಾಳ ಹತ್ತಿರ ನಿಂತು, "ಓಟದಾಗ ಬೇವಿನ ಗಿಡದ ತಿರುವಿನ್ಯಾಗ ಬ್ರೇಕ ಲಗೂ ಹಿಡಿ, ಅಲ್ಲಿ ಮಣ್ಣ ಸಡಲ ಐತಿ," ಎಂದಷ್ಟೇ ಹೇಳಿದ. ಕಾರು ಇನ್ನು ಯಾರು ಓಡಿಸಬೇಕೆಂದು ಲಗಮಣ್ಣ ಆಗಿನ್ನೂ ಯೋಚಿಸಿಯೇ ಇರಲಿಲ್ಲ.

ಓಡಿಸಲು ಬೇರೆ ಯಾರಿದ್ದರು? ಭಾನುವಾರ ಭಾಗ್ಯಾ ಹೆಲ್ಮೆಟ್ ಹಾಕಿಕೊಂಡು ಕೂತಳು. ಕಾರು ಬಾಣ ಬಿಟ್ಟ ಹಾಗೆ ಹೋಯಿತು. ಎರಡು ಸುತ್ತಿನಲ್ಲೇ ಎಲ್ಲರನ್ನೂ ಹಿಂದೆ ಹಾಕಿದಳು. ಒಂದು ಹನಿ ಎಣ್ಣೆ ಸೋರಲಿಲ್ಲ. ಲಗಮಣ್ಣನಿಗೆ ಹೆಮ್ಮೆಯಾಗಬೇಕಿತ್ತು. ಆದರೆ ಅವನ ಕಣ್ಣು ಮನೋಜನ ಕಾರಿನ ಮೇಲಿತ್ತು. ಅದನ್ನು ಓಡಿಸುತ್ತಿದ್ದವನು ಯಾರೋ ಗುರುತಿಲ್ಲದವನು.

ಪರಮೇಶ ಹಗ್ಗದಾಚೆ ಜನರ ನಡುವೆ ನಿಂತಿದ್ದ. ಲಗಮಣ್ಣನ ಕಾಲುಗಳು ತಡೆಯದೆ ಅಲ್ಲಿಗೇ ಹೋದವು.

"ಮನೋಜನ ಕಾರ ಯಾಕ ಹತ್ತಲಿಲ್ಲ?"

"ಅಂವ ಕರದಿದ್ದ, ಖರೆ. ಅಣ್ಣನ್ನ ಬಿಟ್ಟ ಬರೂದಿಲ್ಲ ಅಂದೆ. ಚಾ ಕುಡಿದ ಎದ್ದ ಬಂದೆ."

"ಹಂಗಾರ ಭಂಡಾರ ಯಾಕ ಮುಟ್ಟಲಿಲ್ಲ?"

"ನಾ ಬಿಚ್ಚಿಲ್ಲ ಅನ್ನಾಕ ಬರತಿತ್ತು. ಬಿಚ್ಚಿದವರ ಗೊತ್ತಿಲ್ಲ ಅನ್ನಾಕ ಬರತಿರಲಿಲ್ಲ. ಕಣ್ಣಾರೆ ನೋಡೇನಿ."

ಕಾರು ಧೂಳೆಬ್ಬಿಸಿಕೊಂಡು ಮುಂದೆ ಹಾದುಹೋಯಿತು. ಜನ ಭಾಗ್ಯಾಳ ಹೆಸರು ಕೂಗುತ್ತಿದ್ದರು. ಲಗಮಣ್ಣ ತಮ್ಮನ ಕೊರಳಪಟ್ಟಿ ಹಿಡಿದ.

"ಯಾರಲೇ ಅಂವ? ಹೆಸರ ಹೇಳ."

ಪರಮೇಶ ಅಣ್ಣನ ಬೆರಳುಗಳನ್ನು ಒಂದೊಂದಾಗಿ, ನೋವಾಗದಂತೆ ಬಿಡಿಸಿದ.

"ಎಲ್ಲಾರಗೂ ಆಣಿ ಹಾಕಿಸಿದಿ, ಅಣ್ಣಾ. ಭಾಗ್ಯಾನ್ನ ಯಾಕ ಬಿಟ್ಟಿ?"